ಹೋದ ದಾರಿಯಲ್ಲಿ ಬಾರದ ನಡಿಗೆ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಶಾಲೆಯ ಶೈಕ್ಷಣಿಕ ಸಾಧನೆಗಳು’ ಎಂದು ಅಚ್ಚಾಗಿದೆ. 1974ರಿಂದ ಈಚಿನ ಫಲಿತಾಂಶಗಳನ್ನೆಲ್ಲ ಮುಖ್ಯಾಧ್ಯಾಪಕರು ಬೆಳಿಗ್ಗೆಯೇ ಓದಿದ್ದಾರೆ. ಅದನ್ನೇ ಮತ್ತೆ ಓದಿ ನಿಮ್ಮ ಊಟ ತಡ ಮಾಡುವುದಿಲ್ಲ. ನನಗೆ ಕೊಟ್ಟ ಇಪ್ಪತ್ತು ನಿಮಿಷದಲ್ಲಿ ನಮ್ಮ ಜನವರಿ ನಡಿಗೆಯ ವಿಚಾರ ಹೇಳುತ್ತೇನೆ. ಅದರಲ್ಲಿ ನಡೆದವರು ಇಲ್ಲಿ ಬಹಳ ಜನ ಇದ್ದೀರಿ. ನಡೆದವರಿಗೂ ಗೊತ್ತಿಲ್ಲದ ಒಂದು ಸಂಗತಿ ಅದರಲ್ಲಿದೆ. ಇಷ್ಟು ವರ್ಷ ಅದನ್ನು ವೇದಿಕೆ ಮೇಲೆ ಹೇಳುವ ಧೈರ್ಯ ನನಗಿರಲಿಲ್ಲ.

ನಾನು ಚಳ್ಳಕೆರೆ ಕಡೆಯವನು. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಪೈಕಿ ನಮ್ಮದೊಂದು. ನಮ್ಮ ಹೊಳೆ ವೇದಾವತಿ. ಹೊಳೆ ಎಂದ ಕೂಡಲೇ ನನ್ನ ಕಣ್ಣಿಗೆ ಬರುತ್ತಿದ್ದದ್ದು ಮರಳು, ಆ ಮರಳಲ್ಲಿ ಒರತೆ ತೋಡಿ ಬಿಂದಿಗೆಗೆ ನೀರು ತುಂಬುತ್ತಿದ್ದ ನಮ್ಮವ್ವ. 1986ರ ಜೂನಿನಲ್ಲಿ ಸಿದ್ದಾಪುರ ತಾಲ್ಲೂಕಿನ ಈ ಊರಿಗೆ ಬಂದು ಬಸ್ಸಿಳಿದಾಗ ಮಳೆ ಸುರಿಯುತ್ತಿತ್ತು. ನಿಲ್ಲಲಿ ಎಂದು ಹೋಟೆಲಿನ ಜಗಲಿಯಲ್ಲಿ ಕಾದೆ. ಅರ್ಧ ಗಂಟೆ ನನ್ನನ್ನು ನೋಡಿದ ಹೋಟೆಲಿನವರು, “ಮಾಸ್ತರ್ರೇ, ಇದು ನಿಲ್ಲೂದಕ್ಕೆ ಇನ್ನೂ ಮೂರು ತಿಂಗಳುಂಟು, ಕೊಡೆ ತಗಳಿ” ಎಂದು ತಮ್ಮ ಕೊಡೆಯನ್ನೇ ಕೊಟ್ಟು ಕಳಿಸಿದರು.

ನಡಿಗೆ ಹುಟ್ಟಿದ್ದು ಒಂದು ತರಗತಿಯಲ್ಲಿ. ನಮ್ಮ ಅಘನಾಶಿನಿ ಎಲ್ಲಿ ಹುಟ್ಟುತ್ತದೆ ಎಂದು ಎಂಟನೇ ತರಗತಿಯಲ್ಲಿ ಕೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ನಮ್ಮನೆ ಬಚ್ಚಲ ಹಿಂದಿನ ಅಬ್ಬಿಯಲ್ಲಿ ಸರ್” ಎಂದಳು. ತರಗತಿ ನಕ್ಕಿತು, ನಾನೂ ನಕ್ಕೆ. ಈ ಹೊಳೆಗೆ ಎರಡು ಮೂಲ, ಒಂದು ಶಿರಸಿಯ ಶಂಕರಹೊಂಡ, ಇನ್ನೊಂದು ಮಂಜುಗುಣಿ ಕಡೆಯದು ಎಂದು ಬೋರ್ಡಿನ ಮೇಲೆ ಬರೆದೆ. ಅವಳು ಕೂರಲಿಲ್ಲ. “ಅದೂ ಹೌದು ಸರ್. ಆದ್ರೆ ನಮ್ಮನೆ ಅಬ್ಬಿ ನೀರೂ ಹೊಳೆಗೇ ಹೋಗ್ತದಲ್ಲ?” ಅಂದಳು. ರಾತ್ರಿ ರೂಮಿನಲ್ಲಿ ಮಲಗಿ ಯೋಚಿಸಿದರೆ ತಪ್ಪು ಅವಳದಲ್ಲ, ನನ್ನದು. ಒಂದು ಹೊಳೆಗೆ ಎರಡೇ ಮೂಲ ಇದ್ದಿದ್ದರೆ ಅದು ನಮ್ಮ ಶಾಲೆಯ ಕೆಳಗೆ ಬರುವಷ್ಟರಲ್ಲಿ ಅಷ್ಟು ದೊಡ್ಡದಾಗುವುದು ಹೇಗೆ?

ಅವಳ ಮಾತನ್ನು ಪರೀಕ್ಷೆ ಮಾಡಲು 1988ರ ಜನವರಿಯಲ್ಲಿ ಹತ್ತನೇ ತರಗತಿಯ 38 ಮಕ್ಕಳೊಂದಿಗೆ ಹೊರಟೆವು. ಒಂದೇ ಒಂದು ನಿಯಮ: ಹೋದ ದಾರಿಯಲ್ಲಿ ವಾಪಸ್ ಬರಬಾರದು. ಹೋದ ದಾರಿಯಲ್ಲೇ ಬಂದರೆ ಸಂಜೆ ಮಕ್ಕಳ ಕಣ್ಣು ಮನೆಯ ಮೇಲೆ ಇರುತ್ತದೆ, ಏನೂ ಕಾಣುವುದಿಲ್ಲ. ಸುತ್ತು ಹಾಕಿದರೆ ಕೊನೆಯ ತಿರುವಿನವರೆಗೂ ಹೊಸದೇ. ಶಾಲೆ ಬಿಟ್ಟು ಗದ್ದೆಯ ಹಾಳಿ ಮೇಲೆ ನಡೆದು, ಸೊಪ್ಪಿನ ಬೆಟ್ಟ ದಾಟಿ, ಚೌಡಿಯ ಕಾನು ಹೊಕ್ಕು, ದಿಬ್ಬದ ನೆತ್ತಿಗೆ ಹತ್ತಿ, ಅಲ್ಲಿಂದ ಹೊಳೆಗಿಳಿದು, ಹೊಳೆ ದಂಡೆಯಲ್ಲೇ ಮೇಲ್ಮುಖವಾಗಿ ಬಂದು, ಅಡಿಕೆ ತೋಟಗಳ ಕಣಿವೆಯಲ್ಲಿ ಹತ್ತಿ ಮತ್ತೆ ಶಾಲೆಗೆ. 16 ಕಿಲೋಮೀಟರ್ ಎಂದು ಹೇಳಿಕೊಳ್ಳುತ್ತಿದ್ದೆವು. ಅಳೆದವರು ಯಾರೂ ಇಲ್ಲ. ಬೆಳಿಗ್ಗೆ ಆರೂವರೆಗೆ ಹೊರಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಶಾಲೆಯ ಗೇಟು.

ಮೇಷ್ಟ್ರು ನಾನೇ ಆದರೂ ದಾರಿ ಗೊತ್ತಿದ್ದದ್ದು ಮಕ್ಕಳಿಗೆ. ಸೊಪ್ಪಿನ ಬೆಟ್ಟ ಎಂದರೆ ನಾನು ಯಾವುದೋ ಗುಡ್ಡದ ಹೆಸರೆಂದು ತಿಳಿದಿದ್ದೆ. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಕಾಡಿನಿಂದ ಸೊಪ್ಪು, ದರಕು ತರುವ ಹಕ್ಕು ಬ್ರಿಟಿಷರ ಕಾಲದಿಂದ ಇದೆ, ಅದಕ್ಕೆ ಬಿಟ್ಟ ಜಾಗ ಇದು ಎಂದು ತೋಟದ ಮನೆಯ ಹುಡುಗನೊಬ್ಬ ವಿವರಿಸಿದ. ಅದೇ ಸಾಲಿನಲ್ಲಿದ್ದ ಇನ್ನೊಬ್ಬ, “ತೋಟ ಇಲ್ದವ್ರಿಗೆ ಬೆಟ್ಟಾನೂ ಇಲ್ಲ ಸರ್” ಎಂದ. ಯಾರೂ ಏನೂ ಹೇಳಲಿಲ್ಲ. ನಾನೂ ಮುಂದೆ ನಡೆದೆ. ಆ ಮಾತನ್ನು ಅಲ್ಲಿಯೇ ಹಿಡಿದು ನಿಲ್ಲಿಸಿದ್ದರೆ ಮುಂದೆ ಮಾಡಿದ ತಪ್ಪನ್ನು ಬಹುಶಃ ಮಾಡುತ್ತಿರಲಿಲ್ಲ.

ಕಾನಿನ ಬಗ್ಗೆ ನಿಮಗೆ ನಾನೇನು ಹೇಳಲಿ! ಆದರೆ ಬಯಲುಸೀಮೆಯವನಿಗೆ ಅದು ಹೇಗೆ ಕಂಡಿತು ಎಂಬುದನ್ನು ಹೇಳಬಹುದು. ಹೊರಗೆ ಹತ್ತು ಗಂಟೆಯ ಬಿಸಿಲು. ಒಳಗೆ ಕಾಲಿಟ್ಟರೆ ಹೊತ್ತಿಗೆ ಮುಂಚೆ ಸಂಜೆಯಾದ ಹಾಗೆ. ಕಾಲಡಿಯ ಎಲೆ ಒದ್ದೆ. ತಗ್ಗಿನ ಜಡ್ಡಿಯಲ್ಲಿ, ಮಳೆ ನಿಂತು ಎರಡು ತಿಂಗಳಾದ ಮೇಲೂ, ಪಾದ ಮುಳುಗುವಷ್ಟು ನೀರು. ಆ ನೀರಿನಲ್ಲಿ ರಾಮಪತ್ರೆಯ ಜಾತಿಯ ಮರಗಳು. ಅವುಗಳ ಬೇರು ನೆಲದಿಂದ ಮೇಲೆದ್ದು ಮಂಡಿಯಂತೆ ಬಾಗಿ ಮತ್ತೆ ಕೆಸರಿಗೆ ಇಳಿದಿದ್ದವು. ಇದು ಯಾಕೆ ಹೀಗೆ ಎಂದು ಕೇಳಿದೆ. “ಕೆಸರೊಳಗೆ ಉಸುರು ಕಟ್ತದೆ ಸರ್, ಅದ್ಕೇ ಮೇಲೆ ಬಂದದೆ” ಎಂದು ಒಬ್ಬ ಹೇಳಿದ. ನಿಂತ ನೀರಿನ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ, ಬೇರಿಗೆ ಬೇಕಾದ ಆಮ್ಲಜನಕಕ್ಕಾಗಿ ಅದು ಮೇಲೇಳುತ್ತದೆ ಎಂದು ನಾನು ಪುಸ್ತಕದ ಭಾಷೆಯಲ್ಲಿ ಹೇಳಬೇಕಾಗಿದ್ದನ್ನು ಅವನು ಒಂದೇ ಮಾತಿನಲ್ಲಿ ಮುಗಿಸಿದ್ದ. ಅದೇ ಜಡ್ಡಿಯ ಬಾಯಿಯಿಂದ ಬೆರಳು ಗಾತ್ರದ ನೀರು ಹರಿದು ಹೊರಡುತ್ತಿತ್ತು. ಸಂಜೆ ತೋಟದ ಕಣಿವೆ ಹತ್ತುವಾಗ ಆ ಹುಡುಗಿಯ ಮನೆಯ ಹಿಂದೆ ಅಡಿಕೆ ದಬ್ಬೆಯಲ್ಲಿ ಧಾರೆಯಾಗಿ ಬೀಳುತ್ತಿದ್ದದ್ದು ಇದೇ ದಿಬ್ಬದ ಆಚೆ ಮಗ್ಗುಲಿನ ನೀರು. ಅದರಲ್ಲಿ ಕಾಲು ತೊಳೆದು, ಅವರ ಅಮ್ಮ ಕೊಟ್ಟ ಬೆಲ್ಲ, ಮಜ್ಜಿಗೆ ಕುಡಿದು, “ನೀನು ಅವತ್ತು ಹೇಳಿದ್ದು ಸರಿ ಕಣಮ್ಮಾ” ಎಂದೆ. ಅವಳು ಒಳಗೆ ಓಡಿಹೋದಳು.

ದಿಬ್ಬದ ನೆತ್ತಿಯಲ್ಲಿ ಗಾಳಿ ತಿರುಗಿದರೆ ದೂರದಲ್ಲಿ ಉಂಚಳ್ಳಿಯ ಮೊರೆತ ಕೇಳುತ್ತಿತ್ತು. ಅಘನಾಶಿನಿ 116 ಮೀಟರ್ ಬೀಳುವ ಜಾಗ. ಕಿವಿ ಕಿವುಡಾಗುವಷ್ಟು ಸದ್ದು ಎಂದು ಕೆಪ್ಪಜೋಗ ಎನ್ನುತ್ತಾರೆ. 1845ರಲ್ಲಿ ಲಷಿಂಗ್ಟನ್ ಎಂಬ ಕಲೆಕ್ಟರ್ ಕಂಡುಹಿಡಿದನಂತೆ, ಅದಕ್ಕೆ ಅವನ ಹೆಸರೂ ಇದೆ. ಅಷ್ಟು ಸದ್ದು ಮಾಡುವುದನ್ನು ಅಲ್ಲಿಯವರೆಗೆ ಊರವರು ಯಾರೂ ಕೇಳಿಸಿಕೊಂಡಿರಲಿಲ್ಲವೇ ಎಂದು ಪ್ರತಿ ವರ್ಷ ಯಾರಾದರೊಬ್ಬ ಹುಡುಗ ಕೇಳುತ್ತಿದ್ದ.

ಹೊಳೆಯ ಊಟದ ನೆನಪು ನಿಮಗೆಲ್ಲ ಇರಬೇಕು. ಬಂಡೆಗಳ ಮೇಲೆ ಬಾಳೆಲೆ ಹಾಸಿ, ತಂದದ್ದನ್ನೆಲ್ಲ ನಡುವೆ ಇಟ್ಟು, ಯಾರ ಮನೆಯದು ಯಾರಿಗೆ ಬಂತು ಎಂದು ನೋಡದೆ ತಿಂದದ್ದು. ಹೊಳೆ ದಂಡೆಯ ಅಪ್ಪೆಮಿಡಿಯ ಉಪ್ಪಿನಕಾಯಿ ಒಂದಿದ್ದರೆ ತಣ್ಣಗಿನ ಮೊಸರನ್ನಕ್ಕೆ ಬೇರೇನೂ ಬೇಡ. ಅಂಥ ಮಾವಿನ ಮರ ಹೊಳೆಯ ಅಂಚಿನಲ್ಲೇ ಚೆನ್ನಾಗಿ ಬರುತ್ತದೆ ಎಂಬುದೂ ನನಗೆ ಆ ಬಂಡೆಯ ಮೇಲೆ ತಿಳಿದದ್ದು. ಇಲ್ಲಿ ಹರಿಯುವ ನೀರಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ, ಹೀಗೇ ಹೋಗಿ ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುತ್ತದೆ, ಅಲ್ಲಿ ಉಪ್ಪುನೀರು ಸಿಹಿನೀರು ಕೂಡುವ ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ, ಹೆಂಗಸರು ಇಳಿತದ ಹೊತ್ತಿಗೆ ಚಿಪ್ಪಿ ಹೆಕ್ಕುತ್ತಾರೆ ಎಂದು ನಾನು ಪಾಠ ಮಾಡುತ್ತಿದ್ದೆ. ಅರ್ಧ ಜನ ಕೇಳುತ್ತಿದ್ದರು. ಉಳಿದರ್ಧ ನೀರಿನಲ್ಲಿ.

ಈಗ ಆ ಸಂಗತಿ.

1997ರ ಜನವರಿ. ಅಷ್ಟು ಹೊತ್ತಿಗೆ ನಾನು ಈ ಕಡೆಯವನೇ ಆಗಿಬಿಟ್ಟಿದ್ದೇನೆ ಎಂಬ ಹಮ್ಮು ಬಂದಿತ್ತು. 1983ರಲ್ಲಿ ಸಾಲ್ಕಣಿಯ ಕಡೆ ಜನ ಮರ ಅಪ್ಪಿಕೊಂಡು ಕಡಿತ ನಿಲ್ಲಿಸಿದ ಅಪ್ಪಿಕೋ ಸುದ್ದಿಯನ್ನು ಊರಿನಲ್ಲಿ ಪತ್ರಿಕೆಯಲ್ಲಿ ಓದಿದವನು ನಾನು. ಕಾಡು ಉಳಿಸುವ ಕೆಲಸದಲ್ಲಿ ನನ್ನದೂ ಒಂದು ಕೈ ಇರಲಿ ಎಂದುಕೊಂಡಿದ್ದೆ. ಆ ವರ್ಷ ಕಾನಿನಿಂದ ಹೊಳೆಗಿಳಿಯುವ ದಾರಿಯಲ್ಲಿ ಉಪ್ಪಾಗೆ ಮರಗಳು ಟೊಂಗೆ ಮುರಿದುಕೊಂಡು ನಿಂತಿದ್ದವು. ಒಂದಂತೂ ಬರೀ ಕಂಬ.

ಉಪ್ಪಾಗೆ ಗೊತ್ತಿಲ್ಲದ ಪರ ಊರಿನ ನೆಂಟರಿಗೆ ಹೇಳುತ್ತೇನೆ. ಮುರುಗಲಿನ ಜಾತಿಯ ಮರ, ಹಣ್ಣು ಪುಟ್ಟ ಕುಂಬಳಕಾಯಿಯ ಹಾಗೆ ಗೆರೆ ಗೆರೆ. ಕೊಡಗಿನವರು ಇದರಿಂದಲೇ ಕಾಚಂಪುಳಿ ಮಾಡುತ್ತಾರೆ. ನಮ್ಮ ಕಡೆ ಹಿಂದೆ ಬೀಜದಿಂದ ತುಪ್ಪ ತೆಗೆಯುತ್ತಿದ್ದರು. ಹಣ್ಣಾಗುವುದು ಮಳೆಗಾಲದಲ್ಲಿ. ತೊಂಬತ್ತರ ದಶಕದಲ್ಲಿ ಇದರ ಸಿಪ್ಪೆಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ಅದರಲ್ಲಿರುವ ಹುಳಿಯಿಂದ ಮೈ ತೂಕ ಇಳಿಸುವ ಔಷಧ ಮಾಡುತ್ತಾರೆ ಎಂದು ಸಿಪ್ಪೆ ಹೊರದೇಶಕ್ಕೆ ಹೊರಟಿತು. ಎಲ್ಲಿಯೋ ಉಂಡು ದಪ್ಪಗಾದವರಿಗಾಗಿ ನಮ್ಮ ಕಾನಿನಲ್ಲಿ ಟೊಂಗೆ ಮುರಿಯಿತು. ಬಿಸಿಲಿಲ್ಲದ ಆಷಾಢದಲ್ಲಿ ಸಿಪ್ಪೆ ಒಣಗಬೇಕೆಂದರೆ ಬೆಂಕಿಯೇ ಗತಿ. ಅದಕ್ಕೆ ಸೌದೆಯೂ ಅದೇ ಕಾಡಿನದು.

ಆ ಬೋಳು ಮರದ ಕೆಳಗೆ ನಿಂತು ನಾನು ಭಾಷಣ ಮಾಡಿದೆ. ಈ ಹಣ್ಣನ್ನು ನಂಬಿ ಸಿಂಗಳೀಕ ಇದೆ, ಪಶ್ಚಿಮಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ, ನೆಲಕ್ಕೆ ಇಳಿಯಲು ಹೆದರಿ ಮರದ ತುದಿಯಲ್ಲೇ ಬದುಕುವಂಥದ್ದು ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಪಾಠ. “ನಾಲ್ಕು ಕಾಸಿಗೆ ತಾಯಿಯ ಕೈ ಕಡಿಯುವವರು ಇವರು, ಇಂಥವರು ಕಳ್ಳರಿಗಿಂತ ಕಡೆ” ಎಂದೂ ಸೇರಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಹಿಗ್ಗು.

ಅವತ್ತು ಸಾಲಿನ ಮುಂದೆ ದಾರಿ ತೋರಿಸುತ್ತಿದ್ದವನು ಹೊಳೆ ದಂಡೆಯ ಮನೆಯೊಂದರ ಹುಡುಗ. ದಿನಾ ಒಂದೂವರೆ ಗಂಟೆ ಹತ್ತಿ ಶಾಲೆಗೆ ಬರುತ್ತಿದ್ದ. ಸಂಜೆ ಅವರ ಮನೆ ಬಂದಾಗ ಎಲ್ಲರಿಗೂ ಆಸರಿಗೆ ಕೊಡುವುದೆಂದು ಮೊದಲೇ ಮಾತಾಗಿತ್ತು. ಮನೆಯ ಹತ್ತಿರ ಬಂದರೆ ಹುಡುಗ ಕಾಣಲಿಲ್ಲ. ಒಳದಾರಿಯಲ್ಲಿ ಮನೆಗೆ ಹೋಗಿದ್ದಾನೆ ಎಂದು ಗೆಳೆಯರು ಹೇಳಿದರು. ಅಂಗಳದ ಮೂಲೆಯ ಸೋಗೆ ಮಾಡಿನಲ್ಲಿ ಹೊಗೆ ಹಿಡಿದು ಕಪ್ಪಾದ ಅಟ್ಟ ಇತ್ತು. ಅದು ಯಾತರದ್ದು ಎಂದು ನಾನು ಯೋಚಿಸಲೂ ಇಲ್ಲ. ಪಾನಕ ಕುಡಿದು ಬಂದೆವು.

ಸೋಮವಾರ ಹುಡುಗ ಬರಲಿಲ್ಲ. ಮಂಗಳವಾರವೂ ಇಲ್ಲ. ಎರಡು ವಾರವಾಯಿತು. ಹತ್ತನೇ ತರಗತಿ, ಪರೀಕ್ಷೆಗೆ ಎರಡೇ ತಿಂಗಳು. ಜ್ವರವೇ ಎಂದು ವಿಚಾರಿಸಿದರೆ ಅವನ ಗೆಳೆಯ ತಲೆ ತಗ್ಗಿಸಿ, “ನೀವು ಕಳ್ರು ಅಂದ್ರಲ್ಲ ಸರ್, ಆ ಮರ ಹತ್ತಿದ್ದು ಅವರಪ್ಪ” ಎಂದ.

ಭಾನುವಾರ ಒಬ್ಬನೇ ಕಣಿವೆ ಇಳಿದೆ. ಆ ಹುಡುಗ ದಿನವೂ ಹತ್ತುವ ದಾರಿ. ಒಂದು ಹಳ್ಳಕ್ಕೆ ಹಾಕಿದ ಸಂಕ ದಾಟುವಾಗ ನನ್ನ ಕಾಲು ನಡುಗಿತು. ಮಳೆಗಾಲದಲ್ಲಿ ಇದರ ಮೇಲೆ ಚೀಲ ಹೊತ್ತು ಅವನು ಹೇಗೆ ಬರುತ್ತಾನೆ ಎಂದು ಹಿಂದಿನ ಎರಡೂವರೆ ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ತಡವಾಗಿ ಬಂದದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ದು ಮಾತ್ರ ನೆನಪಿತ್ತು.

ಹುಡುಗ ನನ್ನನ್ನು ನೋಡಿ ಹಿತ್ತಲಿಗೆ ಸರಿದ. ಅವನ ಅಪ್ಪ ಕಂಬಳಿ ಹಾಸಿ ಕೂರಿಸಿದರು. ನಾನು ಮಾತು ಹುಡುಕುತ್ತಿರುವಾಗ ಅವರೇ ಶುರು ಮಾಡಿದರು. ಸಿಟ್ಟಿರಲಿಲ್ಲ. “ಮಾಸ್ತರ್ರೇ, ನೀವು ಹೇಳಿದ್ದು ಸುಳ್ಳಲ್ಲ. ಟೊಂಗೆ ಕಡಿದದ್ದು ನಾನೇ. ನಮ್ಮಪ್ಪನ ಕಾಲದಲ್ಲಿ ಉದುರಿದ್ದು ಹೆಕ್ಕೂದು ಬಿಟ್ರೆ ಮರ ಮುಟ್ಟೂದು ಇರಲಿಲ್ಲ. ಮಂಗ ತಿಂದು ಬಿಟ್ಟದ್ದು ನಮಗೆ. ಈಗ ಹಣ್ಣಾಗಲಿ ಅಂತ ನಾನು ಕಾದ್ರೆ, ಕಾಯಿ ಇರೂವಾಗ್ಲೇ ಇನ್ನೊಬ್ಬ ಬಂದು ಕೊಯ್ತಾನೆ. ಅವನು ಕೊಯ್ಯೂಕೆ ಮುಂಚೆ ನಾನು ಕೊಯ್ಬೇಕು. ಮರ ನಂದಲ್ಲ, ಅವಂದೂ ಅಲ್ಲ. ತೋಟದ ಅಂಚಿನ ಬೆಟ್ಟದಾಗೆ ಇರೂ ಉಪ್ಪಾಗೆ ಯಾರೂ ಕಡಿಯೂದಿಲ್ಲ, ನೋಡಿ ಬೇಕಾದ್ರೆ. ಅದಕ್ಕೆ ಯಜಮಾನ ಇದ್ದಾನೆ.”

ಸ್ವಲ್ಪ ಹೊತ್ತು ಬಿಟ್ಟು ಅಂದರು: “ಹೋದ ಮಳೆಗಾಲದ ಸಿಪ್ಪೆ ದುಡ್ಡಲ್ಲೇ ಇವನ ಪುಸ್ತಕ, ಬಟ್ಟೆ ಆದದ್ದು. ಇವಂಗೆ ಅದು ಗೊತ್ತುಂಟು. ಅದ್ಕೇ ನಾಚಿಕೆ.”

ಒಂಬತ್ತು ವರ್ಷದ ಹಿಂದೆ ಸೊಪ್ಪಿನ ಬೆಟ್ಟದಲ್ಲಿ ಒಬ್ಬ ಹುಡುಗ ಹೇಳಿ, ನಾನು ಕೇಳದೆ ದಾಟಿದ ಮಾತು ಆಗ ನೆನಪಾಯಿತು. ಹಿತ್ತಲಿಗೆ ಹೋದೆ. ಅವನು ಸೌದೆ ಒಟ್ಟುತ್ತಿದ್ದ. ತಪ್ಪಾಯ್ತು ಕಣಪ್ಪಾ ಎಂದೆ. ಮೇಷ್ಟ್ರಾದವನು ವಿದ್ಯಾರ್ಥಿಗೆ ಹಾಗೆ ಹೇಳಿದ್ದು ಅದೇ ಮೊದಲು. ಅವನು ಏನೂ ಹೇಳಲಿಲ್ಲ, ಇನ್ನೆರಡು ತುಂಡು ಒಟ್ಟಿದ. ಬುಧವಾರ ಶಾಲೆಗೆ ಬಂದ.

ಮಾರನೆಯ ವರ್ಷದಿಂದ ನಡಿಗೆಯ ದಿಕ್ಕನ್ನು ತಿರುಗಿಸಿದೆ. ಯಾಕೆ ತಿರುಗಿಸಿದಿರಿ ಎಂದು ನೀವು ಎಷ್ಟೋ ಜನ ಕೇಳಿದ್ದೀರಿ, ಬಿಸಿಲು ಬೆನ್ನಿಗೆ ಬೀಳಲಿ ಎಂದು ಏನೋ ಸುಳ್ಳು ಹೇಳಿದ್ದೆ. ನಿಜವಾದ ಕಾರಣ ಇದು: ಮೊದಲು ತೋಟದ ಕಣಿವೆ ಇಳಿದು, ಆ ಸಂಕ ದಾಟಿ, ಹೊಳೆ ದಂಡೆಯ ಆ ಮನೆಯಂಗಳದಲ್ಲಿ ಕೂತು, ಹುಡುಗನ ಅಪ್ಪನ ಬಾಯಿಂದ ಉಪ್ಪಾಗೆಯ ಕಥೆ ಕೇಳಿ, ಆಮೇಲೆ ಮರ ನೋಡಬೇಕು. ಮರ ನೋಡಿ ಆಮೇಲೆ ಮನುಷ್ಯನನ್ನು ನೋಡುವ ದಾರಿ ನನಗೆ ಆಗಿಬರಲಿಲ್ಲ.

ಇದಕ್ಕೆ ಒಂದು ವಿಘ್ನ ಬಂತು. ಹೊಸ ದಿಕ್ಕಿನಲ್ಲಿ ಹೋದರೆ ಚೌಡಿಯ ಕಾನಿಗೆ ಎಡಸುತ್ತು ಆಗುತ್ತದೆ, ದೇವರಿಗೆ ಅಪ್ರದಕ್ಷಿಣೆ ಕೂಡದು ಎಂದು ಊರಿನ ಹಿರಿಯರೊಬ್ಬರು ಶಾಲೆಗೇ ಬಂದು ಕೂತರು. ವಿಜ್ಞಾನದ ಮೇಷ್ಟ್ರು, ವಾದ ಮಾಡಬಹುದಿತ್ತು. ಆ ವರ್ಷ ನನಗೆ ವಾದದ ಹಂಬಲ ಇರಲಿಲ್ಲ. ಏನು ಪರಿಹಾರ ಎಂದು ಕೇಳಿದೆ. ಕಾಯಿ ಒಡೆದು ಹೊರಡಿ, ಚೌಡಿ ಮಕ್ಕಳ ಮೇಲೆ ಸಿಟ್ಟು ಮಾಡುವುದಿಲ್ಲ ಎಂದರು. ಅದಾದ ಮೇಲೆ ನಾನು ನಿವೃತ್ತನಾಗುವವರೆಗೂ ಕಾಯಿ ಅವರ ಮನೆಯದೇ. ಒಡೆದ ಕಾಯಿಯನ್ನು ಸಂಕದ ಮೇಲೆ ಕೂತು ಮಕ್ಕಳು ತಿನ್ನುತ್ತಿದ್ದರು.

ನೀರನ್ನು ಇಳಿಜಾರಿನಲ್ಲಿ ಹಿಂಬಾಲಿಸುವ ನನ್ನ ಹಳೆಯ ಪಾಠ ಇದರಿಂದ ತಲೆಕೆಳಗಾಯಿತು. ಮಕ್ಕಳಿಗೆ ಅದೇ ಹೆಚ್ಚು ಹಿಡಿಸಿತು. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಝರಿಗೆ, ‘ಇದು ಎಲ್ಲಿಂದ ಬಂತು’ ಎಂದು ಹುಡುಕುತ್ತಾ ಹತ್ತಿ, ಮಧ್ಯಾಹ್ನ ಮೂರರ ಹೊತ್ತಿಗೆ ಜಡ್ಡಿಯ ಮಂಡಿ ಬೇರುಗಳ ನಡುವೆ ಬಂದು ನಿಲ್ಲುವುದು. ಅಲ್ಲಿಂದ ಮುಂದೆ ನೀರು ಎಲ್ಲಿಂದ ಬರುತ್ತದೆ ಎಂದು ತೋರಿಸಲು ಬೆರಳಿಗೆ ಜಾಗ ಸಿಗುವುದಿಲ್ಲ. ಇಡೀ ನೆಲವೇ ಒದ್ದೆ. 2003ರಲ್ಲೋ 2004ರಲ್ಲೋ ಅದೇ ಜಾಗದಲ್ಲಿ, ಎಲ್ಲರೂ ದಣಿದು ಮಾತು ನಿಂತಿದ್ದಾಗ, ತಲೆ ಮೇಲೆ ಟೊಂಗೆ ಅಲ್ಲಾಡಿ ಸಿಂಗಳೀಕದ ಹಿಂಡು ದಾಟಿತು. ಬೂದು ಕೇಸರದ ಕಪ್ಪು ಮುಖ ಒಂದು ನಿಮಿಷ ನಮ್ಮನ್ನು ನೋಡಿತು. ಅಷ್ಟು ವರ್ಷದ ನಡಿಗೆಯಲ್ಲಿ ನಮಗೆ ಕಂಡದ್ದು ಅದೊಂದೇ ಸಲ. ಈ ಕಣಿವೆಯ ಕಾಡನ್ನು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದ ಸುದ್ದಿಯನ್ನು ನಾನು ಚಳ್ಳಕೆರೆಯಲ್ಲಿ ಓದಿದೆ.

ಚಳ್ಳಕೆರೆ ಎಂದಾಗ ಇನ್ನೊಂದು ಮಾತು. ಅಘನಾಶಿನಿಯ ನೀರನ್ನು ವೇದಾವತಿಗೆ ತಿರುಗಿಸುವ ಯೋಜನೆಯ ಮಾತು ಆಗಾಗ ಏಳುತ್ತದೆ. ನಮ್ಮೂರಿನ ನೆಂಟರು, “ನೀನು ಅಲ್ಲೇ ಇದ್ದವನಲ್ಲಪ್ಪ, ಸಮುದ್ರಕ್ಕೆ ಹೋಗಿ ಹಾಳಾಗೋ ನೀರು ನಮಗೆ ಬಂದ್ರೇನು ತಪ್ಪು?” ಎಂದು ಕೇಳುತ್ತಾರೆ. ಒರತೆ ತೋಡಿದ ಅವ್ವನ ಮಗನಾಗಿ ಅವರಿಗೆ ಥಟ್ಟನೆ ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಬಾಯಾರಿಕೆ ಸುಳ್ಳಲ್ಲ. ಆದರೆ ಸಮುದ್ರದ ಬಾಯಲ್ಲಿ ಚಿಪ್ಪಿ ಹೆಕ್ಕುವ ಹೆಂಗಸರೂ, ಗಜನಿಯ ಕಗ್ಗವೂ ಆ ‘ಹಾಳಾಗೋ’ ನೀರನ್ನೇ ನಂಬಿವೆ. ಆ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ ಎಂದು ಹೇಳಿ ನೋಡಿದೆ, ಅದರಿಂದ ಯಾರ ಮನಸ್ಸೂ ಕರಗಲಿಲ್ಲ. ಈಚೆಗೆ ಅವರಿಗೆ ಒಂದೇ ಉತ್ತರ ಕೊಡುತ್ತೇನೆ: ಒಂದು ಜನವರಿ ಬನ್ನಿ, ನಡೆಸುತ್ತೇನೆ, ಆಮೇಲೆ ಮಾತಾಡೋಣ. ಈ ಸಲ ಇಬ್ಬರು ಬಂದಿದ್ದಾರೆ. ಹಿಂದಿನ ಸಾಲಿನಲ್ಲಿ ಕೂತು ಉಂಬಳದ ಹೆದರಿಕೆಯಿಂದ ಈಗಲೇ ಕಾಲು ಮೇಲೆತ್ತಿಕೊಂಡಿದ್ದಾರೆ. ಜನವರಿಯಲ್ಲಿ ಅಷ್ಟೇನೂ ಇಲ್ಲ ಮಾರಾಯರೇ, ಜಡ್ಡಿಯ ಹತ್ತಿರ ಮಾತ್ರ.

ಆ ಹುಡುಗ ಎರಡನೆಯ ದರ್ಜೆಯಲ್ಲಿ ಪಾಸಾದ. ಬೆಂಗಳೂರಿಗೆ ಹೋಗಿ ನಾಲ್ಕು ವರ್ಷ ದುಡಿದು ವಾಪಸ್ ಬಂದ. ಅವರ ಅಪ್ಪ ತೀರಿಕೊಂಡು ಏಳು ವರ್ಷವಾಯಿತು. ಮನೆಯ ಸುತ್ತ, ತನ್ನದೇ ಬೇಲಿಯೊಳಗೆ, ಕಸಿ ಉಪ್ಪಾಗೆ ನೆಟ್ಟಿದ್ದಾನೆ. ಈಗ ಫಲ ಬರುತ್ತಿದೆ, ಹಣ್ಣಾಗುವವರೆಗೆ ಕಾಯುತ್ತಾನೆ. ಕಾನಿನ ಮರಗಳ ಸ್ಥಿತಿ ಪೂರ್ತಿ ಸುಧಾರಿಸಿದೆಯೇ ಎಂದು ಕೇಳಿದೆ. “ಬೆಲೆ ಇಳಿದ ವರ್ಷ ಸುಧಾರಿಸ್ತವೆ ಸರ್” ಎಂದ.

ಅವನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಇದನ್ನು ಇವತ್ತು ಹೇಳಲೇ ಎಂದು ಅವನನ್ನು ಮೊನ್ನೆ ಕೇಳಿದೆ. “ಹೇಳಿ ಸರ್, ಸಂಕದ ಮಾತನ್ನೂ ಹೇಳಿ” ಎಂದ. ಹೇಳುತ್ತಿದ್ದೇನೆ: ಆ ಸಂಕ ಇವತ್ತಿಗೂ ಮರದ್ದೇ. ಈ ಸಭೆಯಲ್ಲಿ ಪಂಚಾಯಿತಿಯವರು, ಇಂಜಿನಿಯರುಗಳಾದ ಹಳೆಯ ವಿದ್ಯಾರ್ಥಿಗಳು ಇದ್ದೀರಿ. ಕಣಿವೆ ಕೆಳಗಿನ ನಾಲ್ಕು ಮಕ್ಕಳು ಈಗಲೂ ಅದರ ಮೇಲೇ ಈ ಶಾಲೆಗೆ ಬರುತ್ತಾರೆ. ಹೋದ ಜೂನಿನಲ್ಲಿ ಅದರ ಒಂದು ತುಂಡು ಕೊಚ್ಚಿಹೋಗಿ ಮಕ್ಕಳಿಗೆ ಹನ್ನೊಂದು ದಿನ ಶಾಲೆ ತಪ್ಪಿದೆ. ಮುಖ್ಯಾಧ್ಯಾಪಕರ ಹಾಜರಿ ಪುಸ್ತಕದಲ್ಲಿ ನಾನೇ ಎಣಿಸಿದೆ.

ನಾಳೆ ಬೆಳಿಗ್ಗೆ ಆರೂವರೆಗೆ ಶಾಲೆಯ ಗೇಟಿನಿಂದ ಹೊರಡುತ್ತೇವೆ. ಎಡಸುತ್ತು. ಕಾಯಿ ಬಂದಿದೆ, ಆ ಹಿರಿಯರ ಮೊಮ್ಮಗ ತಂದುಕೊಟ್ಟಿದ್ದಾನೆ. ನನ್ನ ಮೊಣಕಾಲು ಹೊಳೆಯವರೆಗೆ ಬರುತ್ತದೆ, ಅಲ್ಲಿಂದ ಮೇಲಕ್ಕೆ ನೀವು ಹೋಗಿ, ನಾನು ಆ ಮನೆಯಂಗಳದಲ್ಲಿ ಕೂತಿರುತ್ತೇನೆ. ಬುತ್ತಿ ತಂದುಕೊಳ್ಳಿ. ಅಪ್ಪೆಮಿಡಿ ಯಾರ ಮನೆಯಲ್ಲಿದೆಯೋ ಅವರು ಸ್ವಲ್ಪ ಜಾಸ್ತಿಯೇ ತನ್ನಿ. ಸಂಕದ ಹತ್ತಿರ ಟೇಪು ಹಿಡಿದು ಅಳತೆ ತೆಗೆಯಲು ಇಬ್ಬರು ಇಂಜಿನಿಯರುಗಳು ಬೇಕು, ಹೆಸರನ್ನು ಈಗಲೇ ಕೊಡಿ.